ತೂಕಕ್ಕೆ ಮುಂಚಿನ ಕೊಸರು

ಸುಬ್ಬಲಕ್ಷ್ಮಮ್ಮನ ಹತ್ತಿರ ತರಕಾರಿ ಕೊಂಡು, ತೂಕದಷ್ಟನ್ನೇ ಮನೆಗೆ ತಂದವರು ಬಸವನಗುಡಿಯಲ್ಲಿ ಯಾರೂ ಇರಲಿಕ್ಕಿಲ್ಲ. ಗಾಂಧಿಬಜಾರಿನ ಹೂವಿನ ಸಾಲು ಮುಗಿಯುವ ಕಡೆ, ಗೋಣಿತಾಟು ಹಾಸಿಕೊಂಡು ಅವರು ಕೂರುತ್ತಿದ್ದರು. ಅರ್ಧ ಕೇಜಿ ಹುರುಳಿಕಾಯಿ ಕೇಳಿದರೆ, ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವ ತನಕ ಒಂದೊಂದೇ ಕಾಯಿ ಹಾಕುವುದು, ತೆಗೆಯುವುದು. ಆ ಹೊತ್ತಿನಲ್ಲಿ ಅವರ ಮುಖ ನೋಡಿದರೆ ಇವರಷ್ಟು ಜಿಪುಣರು ಇನ್ನಿಲ್ಲ ಎನಿಸಬೇಕು. ತೂಕ ಮುಗಿದು ಕಾಯಿ ಚೀಲಕ್ಕೆ ಬಿತ್ತೋ, ಅದೇ ಕೈ ಗುಡ್ಡೆಗೆ ಹೋಗಿ ಇನ್ನೊಂದು ಹಿಡಿ ಬಾಚಿ ಚೀಲಕ್ಕೆ ಸುರಿಯುತ್ತಿತ್ತು. ಕೇಳಿದವರಿಗೂ ಕೊಸರು, ಕೇಳದವರಿಗೂ ಕೊಸರು.

"ಇಟ್ಕಳಮ್ಮ, ಮನೇಲಿ ಮಕ್ಳವೆ" ಎನ್ನುತ್ತಿದ್ದರು. ಮಕ್ಕಳಿಲ್ಲದ ನನಗೂ ಅದೇ ಮಾತು. ಮೊದಮೊದಲು ನನಗೆ ಕೋಪ ಬರುತ್ತಿತ್ತು. ಆಮೇಲೆ ಇದು ಬಾಯಿಪಾಠ, ಅರ್ಥ ಹುಡುಕಬಾರದು ಎಂದು ಸುಮ್ಮನಾದೆ.

ನಾನು ಪಾರ್ವತಮ್ಮ. ಚಾಮರಾಜಪೇಟೆಯ ಒಂದು ಧರ್ಮಾಸ್ಪತ್ರೆಯಲ್ಲಿ ನರ್ಸಾಗಿದ್ದೆ. ಎರಡು ಸಾವಿರದ ಇಸವಿಯ ಸುಮಾರಿಗೆ ನನ್ನನ್ನು ರಕ್ತದ ಕಾಯಿಲೆಗಳ ವಿಭಾಗಕ್ಕೆ ಹಾಕಿದ್ದರು. ಒಂದು ಬೆಳಿಗ್ಗೆ ಬದನೆಕಾಯಿ ಆರಿಸುತ್ತಾ ತಲೆ ಎತ್ತಿದಾಗ ಸುಬ್ಬಲಕ್ಷ್ಮಮ್ಮನ ಕುತ್ತಿಗೆಯ ಎಡಗಡೆ ಒಂದು ಗಂಟು ಕಂಡಿತು. ಯಾವಾಗಿನಿಂದ ಎಂದು ಕೇಳಿದೆ. ತರಕಾರಿ ಪುಟ್ಟಿ ಹೊತ್ತೂ ಹೊತ್ತೂ ನರ ಉಬ್ಬಿದೆ, ಹರಳೆಣ್ಣೆ ಹಚ್ಚುತ್ತಿದ್ದೇನೆ ಎಂದರು. ನಾನು ಮುಟ್ಟಿ ನೋಡಿದೆ. ಗಂಟು ಒಂದಲ್ಲ, ಮೂರಿದ್ದವು, ನೋವಿರಲಿಲ್ಲ. ನೋವಿಲ್ಲ ಎಂದು ಅವರು ಖುಷಿಯಿಂದ ಹೇಳಿದರು. ನೋವಿಲ್ಲದ ಗಂಟಿಗೇ ಹೆಚ್ಚು ಹೆದರಬೇಕು ಎಂದು ನಮ್ಮ ವಿಭಾಗದಲ್ಲಿ ಕಲಿತಿದ್ದೆ. ಮಾರನೆಯ ದಿನ ಅವರ ಗಂಡ ಅರ್ಜುನಪ್ಪನವರನ್ನು ಅಂಗಡಿಯಲ್ಲಿ ಕೂರಿಸಿ, ಇವರನ್ನು ಆಟೋ ಹತ್ತಿಸಿ ಕರೆದುಕೊಂಡು ಹೋದೆ.

ಅದು ಲಿಂಫೋಮಾ. ರಕ್ತದ ಕ್ಯಾನ್ಸರಿನಲ್ಲಿ ಅದೊಂದು ಬಗೆ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿರುವ ಗ್ರಂಥಿಗಳು ಗಂಟುಗಟ್ಟಿ ಊದುತ್ತವೆ. ಸುಬ್ಬಲಕ್ಷ್ಮಮ್ಮನಿಗೆ ಬಂದದ್ದು ನಿಧಾನವಾಗಿ ಬೆಳೆಯುವ ಜಾತಿಯದು. ಡ್ರಿಪ್ಪಿನಲ್ಲಿ ಔಷಧಿ ಏರಿಸಿದರೆ ಕರಗಿಹೋಗುತ್ತದೆ, ಆದರೆ ಹೋದದ್ದು ಹೋಗಿಯೇಬಿಟ್ಟಿತು ಎನ್ನುವ ಹಾಗಿಲ್ಲ. ವರ್ಷವೋ, ಮೂರು ವರ್ಷವೋ ಬಿಟ್ಟು ಮತ್ತೆ ತಲೆ ಎತ್ತುತ್ತದೆ. ಹಾಗೆ ತಲೆ ಎತ್ತದಂತೆ ತಡೆಯಲು ಒಂದು ಹೊಸ ಮಾತ್ರೆ ಬಂದಿತ್ತು. ಅದು ನಿಜವಾಗಿ ತಡೆಯುತ್ತದೆಯೋ ಇಲ್ಲವೋ ಎಂದು ನೋಡುವ ಅಧ್ಯಯನವೊಂದು ಊರೂರಿನ ಆಸ್ಪತ್ರೆಗಳಲ್ಲಿ ಶುರುವಾಗಿತ್ತು. ನಮ್ಮಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಸಂಕರ್ಷಣ. ಮಾತ್ರೆ ಕೊಡುವುದು, ಖಾಲಿ ಡಬ್ಬಿ ವಾಪಸು ತೆಗೆದುಕೊಳ್ಳುವುದು, ರಕ್ತ ತೆಗೆಯುವುದು ಎಲ್ಲಾ ನನ್ನ ತಲೆಗೆ ಬಿದ್ದಿತ್ತು.

ಸಂಕರ್ಷಣ ವಯಸ್ಸಿನಲ್ಲಿ ಚಿಕ್ಕವರು. ಬುದ್ಧಿವಂತರು, ತಾಳ್ಮೆಯೂ ಇತ್ತು. ಡ್ರಿಪ್ಪು ಮುಗಿದು ಸುಬ್ಬಲಕ್ಷ್ಮಮ್ಮನ ಗಂಟುಗಳು ಕರಗಿದ ಮೇಲೆ, ಅವರನ್ನು ಎದುರು ಕೂರಿಸಿಕೊಂಡು ಅಧ್ಯಯನ ಎಂದರೇನು ಎಂದು ವಿವರಿಸಿದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಅದೇ ಬಣ್ಣದ, ಅದೇ ಗಾತ್ರದ ಮಾತ್ರೆ, ಆದರೆ ಒಳಗೆ ಔಷಧಿ ಇಲ್ಲ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಡಬ್ಬಿಯ ಮೇಲೆ ಬರಿ ನಂಬರು.

"ಖಾಲಿ ಮಾತ್ರೆ ಯಾಕ್ ಕೊಡ್ತೀರಾ ಸಾರ್? ಅದೇನ್ ಮೋಸ?" ಎಂದು ಸುಬ್ಬಲಕ್ಷ್ಮಮ್ಮ ಕೇಳಿದರು.

"ಮೋಸ ಆಗ್ಬಾರ್ದು ಅಂತಾನೇ ಅಮ್ಮ. ಮಾತ್ರೆ ತಗೊಂಡ್ರೆ ಚೆನ್ನಾಗಿದ್ದಾರೆ ಅಂತ ಹೇಳ್ಬೇಕಾದ್ರೆ, ತಗೊಳ್ದೆ ಇರೋರು ಹೇಗಿದ್ದಾರೆ ಅಂತ ನೋಡ್ಬೇಕಲ್ವಾ? ಗೊತ್ತಾಗಿಬಿಟ್ರೆ ನಾನೂ ಪಕ್ಷಪಾತ ಮಾಡ್ತೀನಿ, ನೀವೂ ಮಾಡ್ತೀರಾ."

ಒಪ್ಪಿಗೆ ಪತ್ರವನ್ನು ನಾನು ಮೊದಲಿಂದ ಕಡೆಯವರೆಗೆ ಓದಿ ಹೇಳಿದೆ. ಮಾತ್ರೆಯನ್ನು ಬೇರೆ ಯಾರಿಗೂ ಕೊಡಬಾರದು ಎಂಬ ಸಾಲನ್ನೂ ಓದಿದೆ. ಅವರು ತಲೆಯಾಡಿಸಿ ಸಹಿ ಹಾಕಿದರು. ಓದಿ ಹೇಳಿದವರ ಮಾತಿಗೆಲ್ಲ ಜನ ತಲೆಯಾಡಿಸುತ್ತಾರೆ, ಅದನ್ನು ಒಪ್ಪಿಗೆ ಎಂದುಕೊಂಡು ನಾವು ಪತ್ರ ಎತ್ತಿಡುತ್ತೇವೆ. ಈ ವಿಷಯದಲ್ಲಿ ನನಗೆ ಇವತ್ತಿಗೂ ತಕರಾರಿದೆ.

ಸೋಮವಾರಗಳಂದು ಅಧ್ಯಯನದ ರೋಗಿಗಳು ಬರುತ್ತಿದ್ದರು. ನನ್ನ ಕೋಣೆಯ ಹೊರಗೆ ಒಂದು ಮರದ ಬೆಂಚು. ಅಲ್ಲಿ ಸುಬ್ಬಲಕ್ಷ್ಮಮ್ಮನ ಪಕ್ಕದಲ್ಲಿ ಆಂಡಾಳ್ ಅವರು ಕೂರಲು ಶುರುಮಾಡಿದರು. ಆಂಡಾಳ್ ಮಲ್ಲೇಶ್ವರದ ಅಯ್ಯಂಗಾರರ ಮನೆಯವರು. ಅಲ್ಲಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ, ತಮ್ಮ ಶೀನಣ್ಣನ ಮನೆಯಲ್ಲಿದ್ದರು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಿ ಒಬ್ಬರೇ ಬರುವರು. ಬೆನ್ನು ನೆಟ್ಟಗೆ, ಸೆರಗು ನೆಟ್ಟಗೆ, ಮಾತೂ ನೆಟ್ಟಗೆ. ನಾನು ಒಮ್ಮೆ ಹೆಸರು ಕೂಗುವ ಸರದಿ ತಪ್ಪಿಸಿದ್ದಕ್ಕೆ ಎಲ್ಲರ ಮುಂದೆ ನನ್ನನ್ನು ತಿದ್ದಿದ್ದರು. ಅವರಿಗೂ ಅದೇ ಕಾಯಿಲೆ, ಅದೇ ಅಧ್ಯಯನ, ಬೇರೆ ನಂಬರಿನ ಡಬ್ಬಿ.

ಇವರಿಬ್ಬರಿಗೆ ಹೇಗೆ ಹೊಂದಿತೋ ನನಗೆ ತಿಳಿಯದು. ಒಬ್ಬರು ಬಾಯಿ ಮುಚ್ಚುವವರಲ್ಲ, ಇನ್ನೊಬ್ಬರು ಬಾಯಿ ತೆರೆಯುವವರಲ್ಲ. ಸುಬ್ಬಲಕ್ಷ್ಮಮ್ಮ ಅವರನ್ನು ಟೀಚರಮ್ಮ ಎನ್ನುತ್ತಿದ್ದರು, ಅವರು ಇವರನ್ನು ಸುಬ್ಬಮ್ಮ ಎನ್ನುತ್ತಿದ್ದರು. ಸೊಗಡಿನ ಅವರೆಕಾಯಿ ಬಂದಾಗ ಟೀಚರಮ್ಮನ ಚೀಲಕ್ಕೆ ಎರಡು ಹಿಡಿ ಬೀಳುತ್ತಿತ್ತು. ಹಸಿಕಾಯಿಯನ್ನು ಆಂಡಾಳ್ ಬೇಡ ಎನ್ನುತ್ತಿರಲಿಲ್ಲ. ಕಂಕುಳಿನ ಗಂಟು ಹೇಗಿದೆ, ರಾತ್ರಿ ಬೆವರುತ್ತದೆಯೇ ಎಂಬಂಥ ಮಾತನ್ನು ಅವರು ಮನೆಯವರ ಹತ್ತಿರವೂ ಆಡಿರಲಿಲ್ಲ, ಸುಬ್ಬಲಕ್ಷ್ಮಮ್ಮನ ಹತ್ತಿರ ಆಡುತ್ತಿದ್ದರು. ಒಂದೇ ಕಾಯಿಲೆ ಇರುವವರ ಮುಂದೆ ನಾಚಿಕೆ ಕಡಿಮೆ. ಇದನ್ನು ನಾನು ಆ ಬೆಂಚಿನ ಮೇಲೆ ಎಷ್ಟೋ ಜನರಲ್ಲಿ ನೋಡಿದ್ದೇನೆ.

ತೊಂದರೆ ಶುರುವಾದದ್ದು ಆಂಡಾಳ್ ಅವರ ಕಂಕುಳಿನಿಂದ. ಡ್ರಿಪ್ಪು ಮುಗಿದಾಗ ಅಲ್ಲಿ ಚಿಕ್ಕದೊಂದು ಗಂಟು ಉಳಿದುಬಿಟ್ಟಿತ್ತು. ಅದು ಬೆಳೆದೂ ಇರಲಿಲ್ಲ, ಕರಗಿಯೂ ಇರಲಿಲ್ಲ. ಸುಬ್ಬಲಕ್ಷ್ಮಮ್ಮನ ಕುತ್ತಿಗೆಯಾದರೋ ಸಾಫ್ ಆಗಿತ್ತು. ಸುಬ್ಬಲಕ್ಷ್ಮಮ್ಮ ಮನಸ್ಸಿನಲ್ಲೇ ಕೂಡಿ ಕಳೆದು ತಮ್ಮದೇ ತೀರ್ಮಾನಕ್ಕೆ ಬಂದರು. ತಮ್ಮ ಡಬ್ಬಿಯಲ್ಲಿರುವುದು ನಿಜವಾದ ಮಾತ್ರೆ, ಟೀಚರಮ್ಮನಿಗೆ ಸಿಕ್ಕಿದ್ದು ಖಾಲಿ ಮಾತ್ರೆ. ತಮ್ಮದು ನಾಲಿಗೆಗೆ ಕಹಿ, ಅದೇ ಸಾಕ್ಷಿ. ಟೀಚರಮ್ಮನದೂ ಕಹಿಯೇ, ಎಲ್ಲರದೂ ಕಹಿಯೇ. ಖಾಲಿ ಮಾತ್ರೆಗೂ ಕಹಿ ಹಚ್ಚಿ ಕಳಿಸಿದ್ದರು. ಅಧ್ಯಯನ ಮುಗಿದು ನಂಬರುಗಳ ಗುಟ್ಟು ಬಿಚ್ಚಿದಾಗ ಇಬ್ಬರಿಗೂ ಸಿಕ್ಕಿದ್ದು ನಿಜವಾದ ಮಾತ್ರೆಯೇ ಎಂದು ತಿಳಿಯಿತು. ಅದು ಎಷ್ಟೋ ಆಮೇಲಿನ ಮಾತು. ಆಗ ಇದು ಆ ದೇವರಿಗೊಬ್ಬನಿಗೇ ಗೊತ್ತಿತ್ತು, ಅವನೂ ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಒಂದು, ಸಂಜೆ ಒಂದು ನುಂಗಬೇಕಿತ್ತು. ಸುಬ್ಬಲಕ್ಷ್ಮಮ್ಮ ಸಂಜೆಯದನ್ನು ಎತ್ತಿಡತೊಡಗಿದರು. ತಿಂಗಳಾದ ಮೇಲೆ ಕರಿಬೇವು ಕಟ್ಟುವಂತೆ ಪೇಪರಿನಲ್ಲಿ ಪೊಟ್ಟಣ ಕಟ್ಟಿ ತಂದು, ಬೆಂಚಿನ ಮೇಲೆ ಟೀಚರಮ್ಮನ ಕಡೆ ಸರಿಸಿದರು. ಏನು ಎಂದು ಹೇಳಿಯೇ ಸರಿಸಿದರು. ಆಂಡಾಳ್ ಅದನ್ನು ಹಿಂದಕ್ಕೆ ತಳ್ಳಿದರಂತೆ. "ತಪ್ಪು ಸುಬ್ಬಮ್ಮ" ಎಂದು ಅಷ್ಟೇ ಹೇಳಿದರಂತೆ.

ಮುಂದಿನ ತಿಂಗಳು ಸಂಕರ್ಷಣ ಕಂಕುಳು ಮುಟ್ಟಿ ನೋಡಿ, "ಹಾಗೇ ಇದೆ, ನೋಡೋಣ" ಎಂದರು. ನೋಡೋಣ ಎಂಬ ಮಾತನ್ನು ಡಾಕ್ಟರುಗಳು ಎಷ್ಟು ಸುಲಭವಾಗಿ ಆಡುತ್ತಾರೆ! ಆಂಡಾಳ್ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಸುಬ್ಬಲಕ್ಷ್ಮಮ್ಮನ ಮುಖ ನೋಡದೆ ಕೈ ಚಾಚಿದರು. ಸುಬ್ಬಲಕ್ಷ್ಮಮ್ಮ ಪೊಟ್ಟಣವನ್ನು ಆ ಕೈಯಲ್ಲಿಟ್ಟರು. ಆವತ್ತಿನಿಂದ ಪ್ರತಿ ತಿಂಗಳೂ ಇದು ನಡೆಯಿತು. ನಾನು ಐದಡಿ ದೂರದಲ್ಲಿ, ಗೋಡೆಯ ಈಚೆ, ಖಾಲಿ ಡಬ್ಬಿಗಳನ್ನು ತೆಗೆದುಕೊಂಡು ಎಲ್ಲಾ ಸರಿಯಾಗಿದೆ ಎಂದು ಬರೆದುಕೊಳ್ಳುತ್ತಿದ್ದೆ. ಡಬ್ಬಿ ಖಾಲಿಯಾದದ್ದು ಯಾರ ಹೊಟ್ಟೆಗೆ ಎಂದು ಡಬ್ಬಿ ಹೇಳುವುದಿಲ್ಲವಲ್ಲ.

ಆ ವರ್ಷದ ಮಳೆಗಾಲದಲ್ಲಿ ಆಂಡಾಳ್ ಅವರ ಬಾಯಿ ತುಂಬ ಹುಣ್ಣಾಯಿತು. ಆಮೇಲೆ ಜ್ವರ. ರಕ್ತ ತೆಗೆದು ನೋಡಿದರೆ ಬಿಳಿ ಕಣಗಳು ನೆಲ ಕಚ್ಚಿದ್ದವು. ಅವು ಇಳಿದವರಿಗೆ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ. ತಕ್ಷಣ ಮಾತ್ರೆ ನಿಲ್ಲಿಸಿ ವಾರ್ಡಿಗೆ ಹಾಕಿದೆವು. ಬೇರೆಯವರು ಹತ್ತಿರ ಸುಳಿಯದ ಹಾಗೆ ಮೂಲೆಯ ಕೋಣೆ ಕೊಟ್ಟೆವು. ಸಂಕರ್ಷಣರಿಗೆ ತಲೆ ಕೆಟ್ಟುಹೋಯಿತು. ಕಾಯಿಲೆಯೇ ಮೂಳೆಯೊಳಗಿನ ಮಜ್ಜೆಗೆ ಇಳಿಯಿತೇ? ಅಥವಾ ಇದು ಹೊಸ ಮಾತ್ರೆಯ ಕೆಲಸವೇ? ಬೇರೆ ಯಾರಿಗೂ ಹೀಗೆ ಆಗಿರಲಿಲ್ಲ.

"ಬೇರೆ ಏನಾದ್ರೂ ಔಷಧಿ ತಗೊಂಡ್ರಾ ಅಮ್ಮ? ಆಯುರ್ವೇದ, ಕಷಾಯ?" ಎಂದು ಆಂಡಾಳ್ ಅವರನ್ನು ಕೇಳಿದರು.

"ಇಲ್ಲ" ಎಂದರು ಆಂಡಾಳ್. ಅವರು ಇಲ್ಲ ಎಂದ ಮೇಲೆ ಇನ್ನೊಮ್ಮೆ ಕೇಳುವ ಧೈರ್ಯ ಯಾರಿಗಿದೆ?

ಆ ಸೋಮವಾರ ಬೆಂಚಿನ ಮೇಲೆ ಸುಬ್ಬಲಕ್ಷ್ಮಮ್ಮ ಒಬ್ಬರೇ ಕೂತಿದ್ದರು. ಸಂಕರ್ಷಣ ಅವರನ್ನು ಪರೀಕ್ಷೆ ಮಾಡುತ್ತಾ, ತಮಗೆ ತಾವೇ ಹೇಳಿಕೊಳ್ಳುವಂತೆ ಸಂಕಟದಿಂದ ಹೇಳಿದರು: "ನಿಮ್ಮ ಫ್ರೆಂಡಿಗೆ ಆಗಿದ್ದು ಈ ಮಾತ್ರೆಯಿಂದಾನೇ ಅಂತಾದ್ರೆ, ನಾನು ಮೇಲಿನವರಿಗೆ ಬರೀಬೇಕು ಅಮ್ಮ. ಇದು ಅಪಾಯ ಅಂತ ಎಲ್ಲಾ ಕಡೆ ನಿಲ್ಲಿಸಿಬಿಡಬಹುದು. ನಿಮಗೂ ನಿಲ್ಲುತ್ತೆ, ಮುಂದೆ ಬರೋರಿಗೂ ಇಲ್ಲ."

"ಮುಂದೆ ಬರೋರು ಅಂದ್ರೆ?"

"ನಿಮ್ಮ ಹಾಗೇ ಕುತ್ತಿಗೇಲಿ ಗಂಟು ಇಟ್ಕೊಂಡು ಬರೋರು. ಅವರಿಗೆ ಏನು ಕೊಡ್ಬೇಕು ಅಂತ ನಿಮ್ಮಿಬ್ಬರ ಮೈ ನೋಡೇ ತಾನೇ ನಾವು ಕಲಿಯೋದು?"

ಸುಬ್ಬಲಕ್ಷ್ಮಮ್ಮ ಅಲ್ಲಿಂದ ನೇರವಾಗಿ ಮೂಲೆಯ ಕೋಣೆಗೆ ಹೋದರು. ನಾನೇ ಅವರ ಮೂಗಿಗೆ ಬಟ್ಟೆ ಕಟ್ಟಿ ಒಳಗೆ ಬಿಟ್ಟೆ. ಒಳಗೆ ನಡೆದದ್ದನ್ನು ಆಂಡಾಳ್ ಅವರೇ ನನಗೆ ಆಮೇಲೆ ಹೇಳಿದರು.

"ಹೇಳ್ಬಿಡೋಣ ಟೀಚರಮ್ಮ" ಎಂದರಂತೆ ಇವರು.

"ಬೇಡ."

"ನಾನು ಕೊಟ್ಟಿದ್ದೇ ನಿಮ್ಮನ್ನ ಸುಡ್ತಾ ಇರ್ಬೋದು ಕಣಮ್ಮ."

"ಈಗ ನಿಲ್ಸಿದ್ದಾರಲ್ಲ. ರಕ್ತ ಸರಿಹೋದ್ಮೇಲೆ ಮತ್ತೆ ನನ್ನ ಮಾತ್ರೆ ಕೊಡ್ತಾರೆ. ದಿನಕ್ಕೆರಡು ನುಂಗೋ ಬೇರೆ ಯಾರಿಗೂ ಹೀಗಾಗಿಲ್ಲ, ನನಗಾಯ್ತು ಅಂದ್ರೆ ನನ್ನ ಡಬ್ಬೀಲೂ ನಿಜವಾದ ಮಾತ್ರೇನೇ ಇರ್ಬೇಕು. ಹೇಳಿದ್ರೆ ನನ್ನನ್ನ ಅಧ್ಯಯನದಿಂದ ತೆಗೆದುಹಾಕ್ತಾರೆ. ಮಾತ್ರೆ ಹೊರಗೆಲ್ಲೂ ಸಿಗಲ್ಲ." ಇಷ್ಟು ಹೇಳಿ ಆಂಡಾಳ್ ಗೋಡೆಯ ಕಡೆ ತಿರುಗಿದರಂತೆ. "ನಂಗೆ ಬದುಕಬೇಕು ಸುಬ್ಬಮ್ಮ. ಗಂಡ ಇಲ್ಲ, ಮಕ್ಕಳಿಲ್ಲ, ಯಾತಕ್ಕೆ ಅಂತ ಕೇಳ್ಬೇಡಿ. ಬದುಕೋಕೆ ಕಾರಣ ಬೇಕಾ? ಸುಮ್ನೆ ಬದುಕಬೇಕು."

ಆ ನೆಟ್ಟಗಿನ ಹೆಂಗಸು, ನಾನು ಸರದಿ ತಪ್ಪಿಸಿದ್ದಕ್ಕೆ ತಿದ್ದಿದ ಹೆಂಗಸು, ನಿಜವನ್ನು ಮುಚ್ಚಿಡಿ ಎಂದು ಕೈ ಹಿಡಿದುಕೊಂಡು ಬೇಡಿದ್ದರು. ಇದನ್ನು ಕೇಳಿದಾಗ ನನಗೆ ಅವರ ಮೇಲೆ ಕೋಪ ಬರಲಿಲ್ಲ. ಸಾವು ಎದುರಿಗೆ ಬಂದು ನಿಂತಾಗ ನಾನಾದರೂ ಏನು ಮಾಡುತ್ತಿದ್ದೆನೋ.

ಮಾರನೆಯ ದಿನ ಬೆಳಿಗ್ಗೆ, ಅಂಗಡಿ ಹಾಕುವ ಹೊತ್ತಿನಲ್ಲಿ ಸುಬ್ಬಲಕ್ಷ್ಮಮ್ಮ ನನ್ನ ಕೋಣೆಗೆ ಬಂದರು. ಸಂಕರ್ಷಣರೂ ಅಲ್ಲೇ ಇದ್ದರು. ಇವರು ಕೂರಲಿಲ್ಲ.

"ಟೀಚರಮ್ಮಂಗೆ ನನ್ನ ಮಾತ್ರೆ ಕೊಡ್ತಿದ್ದೆ ಸಾರ್. ಸಂಜೇದು. ಎಷ್ಟೋ ತಿಂಗಳಿಂದ."

ಕೈಯಲ್ಲಿದ್ದ ಪೆನ್ನು ನಾನು ಕೆಳಗಿಟ್ಟೆ. ಸಂಕರ್ಷಣರ ಮುಖ ಕೆಂಪಾಯಿತು. ಯಾಕೆ, ಯಾಕೆ ಎಂದು ಎರಡು ಸಲ ಕೇಳಿದರು.

"ನಮ್ ಕಸುಬಲ್ಲಿ ಕೊಸರು ಕೊಡ್ದೆ ಕೈ ನಿಲ್ಲಲ್ಲ. ಆದ್ರೆ ತೂಕ ಆದ್ಮೇಲೆ ಕೊಡೋದು ಸಾರ್, ಚೀಲಕ್ಕೆ. ತೂಗ್ತಾ ಇರ್ಬೇಕಾದ್ರೆ ತಟ್ಟೆಗೆ ಕೈ ಹಾಕಿದ್ರೆ ಅದು ಕೊಸರಲ್ಲ, ಕಳ್ತೂಕ. ನೀವು ಇನ್ನೂ ತೂಗ್ತಾ ಇದ್ರಿ. ನಂಗೆ ನಿನ್ನೆ ಅರ್ಥ ಆಯ್ತು."

ನಾನು ಬಾಯಿಗೆ ಬಂದಂತೆ ಬೈದೆ. ಓದಿ ಹೇಳಲಿಲ್ಲವೇ, ತಲೆಯಾಡಿಸಲಿಲ್ಲವೇ, ಆ ಜೀವಕ್ಕೆ ಏನಾದರೂ ಆಗಿದ್ದರೆ ಯಾರು ಹೊಣೆ? ಅವರು ತಲೆ ತಗ್ಗಿಸಿ ಎಲ್ಲಾ ಕೇಳಿದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಸಂಕರ್ಷಣ ಕೇಳಿದರು:

"ಅವರು ಹೇಗೆ ತಗೊಂಡ್ರು? ಅವರು ಓದಿದವರು."

ಸುಬ್ಬಲಕ್ಷ್ಮಮ್ಮ ಒಂದು ಗಳಿಗೆಯೂ ತಡೆಯಲಿಲ್ಲ. "ಅವ್ರಿಗೇನ್ ಗೊತ್ತು ಪಾಪ! ಶಕ್ತಿ ಮಾತ್ರೆ, ನನ್ ಮಗ ತಂದ್ಕೊಟ್ಟಿದ್ದು ಅಂತ ಹೇಳಿ ಪುಡಿ ಮಾಡಿ ಕೊಟ್ಟೆ. ಪುಡೀಲಿ ಏನ್ ಗೊತ್ತಾಗುತ್ತೆ? ಅವ್ರದೇನೂ ತಪ್ಪಿಲ್ಲ ಸಾರ್. ಅವ್ರಿಗೆ ಮಾತ್ರೆ ನಿಲ್ಲಿಸ್ಬಿಡ್ಬೇಡಿ."

ಸುಳ್ಳು ಹೇಳುವಾಗ ಅವರು ಸೆರಗು ಎಳೆದುಕೊಳ್ಳಲಿಲ್ಲ, ಬಿಕ್ಕಲಿಲ್ಲ, ಬಜಾರಿನಲ್ಲಿ ಬೆಲೆ ಹೇಳುವಷ್ಟು ಸಲೀಸಾಗಿ ಹೇಳಿಬಿಟ್ಟರು. ಶಕ್ತಿ ಮಾತ್ರೆಯನ್ನು ಔಷಧಿ ಎಂದು ಎಣಿಸದೆ ಆಂಡಾಳ್ ಅವತ್ತು ಇಲ್ಲ ಎಂದಿರಬೇಕು ಎಂದುಕೊಂಡು ನಾವಿಬ್ಬರೂ ನಂಬಿದೆವು. ವಾರ್ಡಿಗೆ ಹೋಗಿ ಕೇಳಿದಾಗ ಆಂಡಾಳ್ ಕಣ್ಣು ಮುಚ್ಚಿಕೊಂಡೇ ಇದ್ದರು. "ಪುಡಿ ಕೊಟ್ಟಿದ್ದು ನಿಜಾನಾ ಅಮ್ಮ?" ಎಂದು ಸಂಕರ್ಷಣ ಕೇಳಿದರು. ಅವರು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಜ್ವರದವರನ್ನು ಪೀಡಿಸುವುದು ಬೇಡ ಎಂದು ನಾವು ಈಚೆ ಬಂದೆವು.

ಮೇಲಿನವರಿಗೆ ಸಂಕರ್ಷಣ ಎಲ್ಲಾ ಬರೆದರು. ಹೆಚ್ಚು ಮಾತ್ರೆ ಹೊಟ್ಟೆಗೆ ಹೋದದ್ದರಿಂದ ಹೀಗಾಗಿದೆ, ಮಾತ್ರೆಯನ್ನೇ ದೂರುವ ಹಾಗಿಲ್ಲ ಎಂದಾಯಿತು. ಅಧ್ಯಯನ ನಿಲ್ಲಲಿಲ್ಲ. ವಾರಗಳು ಕಳೆದಂತೆ ಆಂಡಾಳ್ ಅವರ ರಕ್ತ ಚೇತರಿಸಿಕೊಂಡಿತು. ಅವರದು ತಿಳಿಯದೆ ಆದದ್ದು, ಆದ್ದರಿಂದ ಕಡಿಮೆ ಪ್ರಮಾಣದಲ್ಲಿ ಮಾತ್ರೆ ಮುಂದುವರಿಸಬಹುದು ಎಂದು ಅಪ್ಪಣೆ ಬಂತು. ಸುಬ್ಬಲಕ್ಷ್ಮಮ್ಮನದು ತಿಳಿದೇ ಮಾಡಿದ್ದು. ಅವರಿಗೆ ಮಾತ್ರೆ ನಿಲ್ಲಿಸಿದರು.

ಹಾಗೆಂದು ಅವರನ್ನು ಲೆಕ್ಕದಿಂದ ಹೊಡೆದುಹಾಕಲಿಲ್ಲ. ಒಮ್ಮೆ ಅಧ್ಯಯನಕ್ಕೆ ಸೇರಿದವರು ಸರಿ ಮಾಡಲಿ, ತಪ್ಪು ಮಾಡಲಿ, ಕೊನೆಯವರೆಗೂ ಅವರನ್ನು ಎಣಿಸಲೇಬೇಕು, ಬೇಡವಾದವರನ್ನು ಕಿತ್ತುಹಾಕುತ್ತಾ ಹೋದರೆ ಉತ್ತರ ನಮಗೆ ಬೇಕಾದ ಹಾಗೆ ಬರುತ್ತದೆ ಎಂದು ಸಂಕರ್ಷಣ ಹೇಳಿದರು. ಹೀಗಾಗಿ ಸುಬ್ಬಲಕ್ಷ್ಮಮ್ಮ ಸೋಮವಾರಗಳಂದು ಕುತ್ತಿಗೆ ತೋರಿಸಲು ಬರುತ್ತಲೇ ಇದ್ದರು. ಕೈಯಲ್ಲಿ ಡಬ್ಬಿ ಇರುತ್ತಿರಲಿಲ್ಲ, ಅಷ್ಟೇ.

ಬದಲಾದವರು ಆಂಡಾಳ್. ಅವರು ಬೆಂಚು ಬಿಟ್ಟು ಕಿಟಕಿಯ ಹತ್ತಿರದ ಕುರ್ಚಿಗೆ ಹೋದರು. ಇವರು ಮಾತಾಡಿಸಿದರೆ ಹೂಂ ಎನ್ನುವರು, ಚೀಲಕ್ಕೆ ಕಾಯಿ ಹಾಕಲು ಬಂದರೆ ಚೀಲ ಮಡಿಚಿ ತೊಡೆಯ ಮೇಲಿಟ್ಟುಕೊಳ್ಳುವರು. ಮೋಸ ಮಾಡಿದವರ ಮೇಲೆ ಮುನಿಸು, ನ್ಯಾಯವೇ ಎಂದು ನಾನು ಅಂದುಕೊಂಡೆ. ಸುಬ್ಬಲಕ್ಷ್ಮಮ್ಮನಿಗೆ ಇದರಿಂದ ಬೇಸರವಾದಂತೆಯೂ ಕಾಣಲಿಲ್ಲ. ಟೀಚರಮ್ಮ ನನ್ನ ಕೋಣೆಗೆ ಹೋಗಿ ಡಬ್ಬಿ ಹಿಡಿದು ಬರುವುದನ್ನು ಬೆಂಚಿನಿಂದ ನೋಡುವರು. ಡಬ್ಬಿ ಚೀಲ ಸೇರುವ ತನಕ ನೋಡಿ, ಆಮೇಲೆ ಸೆರಗು ಕೊಡವಿ ಎದ್ದು ಅಂಗಡಿಗೆ ಹೋಗುವರು. ಆ ನೋಟದಲ್ಲಿ ಅಷ್ಟೊಂದು ನೆಮ್ಮದಿ ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ಒಂದು ಸೋಮವಾರ ಸಂಕರ್ಷಣರ ಬೆರಳು ಸುಬ್ಬಲಕ್ಷ್ಮಮ್ಮನ ಕುತ್ತಿಗೆಯ ಎಡಗಡೆ ನಿಂತಿತು. ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂತು. ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕದ ಕುರ್ಚಿಗೆ ಅದು ಕಾಣುತ್ತಿತ್ತು.

"ಬಂದಿದೆಯಾ ಸಾರ್?" ಎಂದು ಸುಬ್ಬಲಕ್ಷ್ಮಮ್ಮ ಕೇಳಿದರು.

"ಚಿಕ್ಕದು. ಮತ್ತೆ ಡ್ರಿಪ್ಪು ಹಾಕೋಣ."

"ಸರಿ" ಎಂದು ಇವರು ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಮಾತ್ರೆ ನಿಲ್ಲಿಸಿದ್ದರಿಂದಲೇ ಬಂತು ಎಂದು ಯಾರೂ ಆಣೆ ಇಟ್ಟು ಹೇಳುವ ಹಾಗಿರಲಿಲ್ಲ. ಮಾತ್ರೆ ನುಂಗುತ್ತಿದ್ದವರಲ್ಲೂ ಕೆಲವರಿಗೆ ಬಂದಿತ್ತು. ಆದರೂ ನನ್ನ ಮನಸ್ಸು ಅದನ್ನೇ ಹೇಳಿತು. ಅಲ್ಲಿದ್ದ ಇನ್ನೊಬ್ಬರ ಮನಸ್ಸೂ ಅದನ್ನೇ ಹೇಳಿರಬೇಕು.

ಆಂಡಾಳ್ ಎದ್ದರು. ಸರದಿ ಅವರದಾಗಿರಲಿಲ್ಲ. ಸರದಿ ತಪ್ಪಿಸಿ ಅವರು ಒಳಗೆ ಬಂದದ್ದು ಅದೊಂದೇ ಸಲ. ಆ ತಿಂಗಳ ಡಬ್ಬಿಯನ್ನು ನಾನು ಬೆಳಿಗ್ಗೆಯೇ ಕೊಟ್ಟಿದ್ದೆ. ಅದನ್ನು ಚೀಲದಿಂದ ತೆಗೆದು ಸಂಕರ್ಷಣರ ಮೇಜಿನ ಮೇಲಿಟ್ಟರು.

"ಕೂತ್ಕೊಳ್ಳಿ ಅಮ್ಮ."

"ನಿಂತೇ ಹೇಳ್ತೀನಿ. ಅವರು ಪುಡಿ ಕೊಟ್ಟಿರ್ಲಿಲ್ಲ. ಮಾತ್ರೇನೇ ಕೊಟ್ಟಿದ್ದು. ಏನು ಅಂತ ಹೇಳೇ ಕೊಟ್ಟಿದ್ರು. ಮೊದಲ್ನೇ ಸಲ ಬೇಡ ಅಂದೆ. ಎರಡ್ನೇ ಸಲ ನಾನೇ ಕೈ ಚಾಚಿದೆ. ಆಮೇಲೆ, ಯಾರಿಗೂ ಹೇಳ್ಬೇಡಿ ಅಂತ ಅವರ ಕೈ ಹಿಡ್ಕೊಂಡೆ."

ಸಂಕರ್ಷಣ ಡಬ್ಬಿಯ ಮೇಲಿನ ನಂಬರು ನೋಡಿದರು. ಆಮೇಲೆ ಮೆಲ್ಲಗೆ, "ಇದನ್ನ ಹೇಳಿದ್ಮೇಲೆ ನಾನು ನಿಮಗೆ ಮಾತ್ರೆ ಮುಂದುವರಿಸೋ ಹಾಗಿಲ್ಲ. ಗೊತ್ತಲ್ವಾ?" ಎಂದರು.

"ಗೊತ್ತಿದ್ದೇ ಡಬ್ಬಿ ಮೇಜಿನ ಮೇಲಿಟ್ಟೆ."

ಆಮೇಲೆ ಏನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಆ ಮಾತ್ರೆ ಕೆಲವರಲ್ಲಿ ಕಾಯಿಲೆಯನ್ನು ಸ್ವಲ್ಪ ಕಾಲ ತಡೆಯುತ್ತದೆ ಎಂದು ಅಧ್ಯಯನ ಹೇಳಿತು. ಪವಾಡವೇನೂ ಅಲ್ಲ, ಆದರೆ ನಿಜ. ಸುಬ್ಬಲಕ್ಷ್ಮಮ್ಮ ಹಳೆಯ ಡ್ರಿಪ್ಪಿನಿಂದಲೇ ಚೇತರಿಸಿಕೊಂಡು ಇನ್ನೂ ಆರೇಳು ವರ್ಷ ತರಕಾರಿ ಮಾರಿದರು. ಆಂಡಾಳ್ ಅವರಿಗೂ ಗಂಟು ಬೆಳೆಯಿತು, ಕರಗಿತು, ಮತ್ತೆ ಬೆಳೆಯಿತು. ಎರಡು ಸಾವಿರದ ಎಂಟರಲ್ಲಿ ಅವರು ತೀರಿಕೊಂಡರು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಆ ಸೋಮವಾರ ಅವರು ಕೋಣೆಯಿಂದ ಹೊರಗೆ ಬಂದದ್ದು.

ಬಾಗಿಲು ತೆರೆದಿದ್ದರಿಂದ ಸುಬ್ಬಲಕ್ಷ್ಮಮ್ಮ ಎಲ್ಲಾ ಕೇಳಿಸಿಕೊಂಡಿದ್ದರು. ಎದ್ದು ನಿಂತು ಕಾಯುತ್ತಿದ್ದರು. ಅಷ್ಟು ಕೋಪದಲ್ಲಿ ಅವರನ್ನು ನಾನು ನೋಡಿಯೇ ಇರಲಿಲ್ಲ. ತಮ್ಮ ಕುತ್ತಿಗೆಯ ಗಂಟಿಗೆ ತೊಟ್ಟು ನೀರು ಹಾಕದ ಕಣ್ಣು ಈಗ ತುಂಬಿ ಬಂದಿತ್ತು.

"ಏನ್ ಬುದ್ಧಿ ಇದು ಟೀಚರಮ್ಮ? ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ಎಲ್ಲಾ ಸರಿಹೋಗಿತ್ತಲ್ಲ!"

"ಏನು ಸರಿಹೋಗಿತ್ತು?" ಆಂಡಾಳ್ ಬೆಂಚಿನ ಮೇಲೆ, ತಮ್ಮ ಹಳೆಯ ಜಾಗದಲ್ಲಿ ಕೂತರು. "ಮೂವತ್ತು ವರ್ಷ ಪರೀಕ್ಷೆ ಹಾಲಲ್ಲಿ ನಿಂತಿದೀನಿ ಸುಬ್ಬಮ್ಮ. ತೋರಿಸಿದವಳನ್ನ ಹೊರಗೆ ಕಳಿಸಿ, ನೋಡಿ ಬರೆದವಳನ್ನ ಪಾಸು ಮಾಡಿದ್ದು ಒಂದ್ಸಲಾನೂ ಇಲ್ಲ."

"ಪರೀಕ್ಷೆ ಹಾಳಾಗೋಗ್ಲಿ! ಬದುಕಬೇಕು ಅಂದಿದ್ರಲ್ಲಮ್ಮ ನೀವು!"

ಆಂಡಾಳ್ ಪಕ್ಕದಲ್ಲಿ ಜಾಗ ಬಿಟ್ಟು ಸರಿದು ಕೂತರು. ಉತ್ತರ ಹೇಳುವಾಗ ಅವರ ಬೆನ್ನು ನೆಟ್ಟಗೇ ಇತ್ತು, ಧ್ವನಿ ಮಾತ್ರ ಒಡೆದುಹೋಗಿತ್ತು.

"ಈಗ್ಲೂ ಬದುಕಬೇಕು" ಎಂದರು.